ಮಣ್ಣಿನ ಹಡಗು

ಜಹೀರಾಬಾದು, ನಾರಾಯಣಖೇಡ, ತಾಂಡೂರು ಸೀಮೆಯ ಕನ್ನಡಿಗರಾದ ನಮಗೆ ಹತ್ತಿರದ ನೀರೆಂದರೆ ಮಂಜೀರಾ, ಕಾಗಿಣಾ ನದಿಗಳು. ಕಡಲು ಬಹು ದೂರ. ಆದರೂ ತಾಂಡೂರಿನ ಹಾಸುಗಲ್ಲು ಪುರಾತನ ಸಮುದ್ರತಳದಲ್ಲಿ ಪದರಪದರವಾಗಿ ಕೂಡಿದ ಸುಣ್ಣಗಲ್ಲು. ಆದುದರಿಂದ ಹಡಗಿನ ಮಾತು ನಮಗೆ ತೀರ ಹೊರಗಿನದಲ್ಲ.

ಕಿರುಹಡಗುಗಳನ್ನು ಅಳತೆಗೆ ಸರಿಯಾಗಿ ಕಟ್ಟುವ ಹವ್ಯಾಸ ಲೋಕದಲ್ಲಿ ಅನೇಕರಿಗಿದೆ. ಕಟ್ಟಿ ಮುಗಿದ ಮೇಲೆ ತುಕ್ಕಿನ ಕೆಂಪು, ಉಪ್ಪಿನ ಬಿಳಿಗೆರೆ, ಹೊಗೆಯ ಕಪ್ಪುಗಳನ್ನು ತೆಳುಬಣ್ಣದಿಂದ ಮೂಡಿಸಿ ಅದನ್ನು ಹಳತಾಗಿಸುವರು. ಇದು ಬರಿಯ ಅಲಂಕಾರವಲ್ಲ. ಲಂಗರಿನ ಸರಪಳಿ ಎಲ್ಲಿ ಉಜ್ಜುವುದು, ನೀರು ಎಲ್ಲಿಯವರೆಗೆ ಏರುವುದು ಎಂಬುದನ್ನು ಅರಿಯದವನಿಗೆ ಈ ಕೆಲಸ ಸಾಧಿಸದು. ಹಡಗು ಪಟ್ಟ ಪಾಡೇ ಅದರ ಚರಿತ್ರೆ.

ಈ ಕಲೆಯ ಬೇರು ಪ್ರಾಚೀನವಾದುದು. ಗುಜರಾತಿನ ಲೋಥಲ್‌ನಲ್ಲಿ 1955ರಿಂದ ಉತ್ಖನನ ನಡೆಸಿದವರು ಕನ್ನಡಿಗರಾದ ಶಿಕಾರಿಪುರ ರಂಗನಾಥ ರಾಯರು (1922–2013). ಅಲ್ಲಿ ಸುಟ್ಟ ಮಣ್ಣಿನ ಕಿರುದೋಣಿಗಳು ದೊರೆತವು. ಒಂದರಲ್ಲಿ ಹಾಯಿಕಂಬಕ್ಕೆ ಕುಳಿಯೂ ಇದೆ. ಅಲ್ಲಿಯ ಇಟ್ಟಿಗೆಯ ಕಟ್ಟಡವನ್ನು ರಾಯರು ಹಡಗುಕಟ್ಟೆಯೆಂದರು. ಕೆಲವು ವಿದ್ವಾಂಸರು ನೀರಿನ ಕೊಳವೆಂದರು. ವಾದ ಹೇಗೇ ಇರಲಿ, 4000 ವರ್ಷಗಳ ಹಿಂದಿನ ಮರದ ದೋಣಿ ಅಳಿಯಿತು. ಅದರ ಆಕಾರವನ್ನು ಹಿಡಿಮಣ್ಣು ಉಳಿಸಿತು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ, ಕಲಬುರ್ಗಿ ಜಿಲ್ಲೆಗಳಿಂದ ಬೇರ್ಪಟ್ಟ ನಮ್ಮ ತಾಲ್ಲೂಕುಗಳಿಗೆ ಇದರಲ್ಲೊಂದು ಪಾಠವಿದೆ. ಉರ್ದು, ತೆಲುಗು, ಮರಾಠಿಗಳ ಬಣ್ಣ ಹತ್ತಿದ ನಮ್ಮ ಮನೆಮಾತನ್ನು, ಹಾಡನ್ನು, ಹೊಲಗಳ ಹೆಸರುಗಳನ್ನು ತೊಳೆದು ತಿದ್ದದೆ ಇದ್ದಂತೆಯೇ ಬರೆದಿಡೋಣ. ದೊಡ್ಡದು ಅಳಿದಾಗ ಸಾಕ್ಷಿ ನುಡಿಯುವುದು ಇಂಥ ಚಿಕ್ಕದೇ.