ಪದೇ ಪದೇ ಕನ್ನಡಕದ ನಂಬರ್ ಬದಲಾಗುತ್ತಿದೆಯೇ? ಕೆರಟೋಕೋನಸ್ ಎಂಬ ಕಾಯಿಲೆಯ ಕಥೆ ಓದಿ

ಇಂಥ ಮಕ್ಕಳನ್ನು ನೀವೂ ನೋಡಿರಬಹುದು. ಎಂಟನೇ ಕ್ಲಾಸಿನಲ್ಲಿ ಕನ್ನಡಕ ಬಂತು. ಒಂಬತ್ತಕ್ಕೆ ನಂಬರ್ ಬದಲಾಯಿತು, ಹತ್ತಕ್ಕೆ ಮತ್ತೆ ಬದಲಾಯಿತು. ಪಿಯುಸಿ ಹೊತ್ತಿಗೆ ಹೊಸ ಕನ್ನಡಕ ಹಾಕಿಕೊಂಡರೂ ಬೋರ್ಡಿನ ಅಕ್ಷರ ಎರಡೆರಡಾಗಿ ಕಾಣುತ್ತದೆ. ರಾತ್ರಿ ಎದುರಿಗೆ ಬರುವ ಬೈಕಿನ ಲೈಟು ಬಾಲ ಬಿಟ್ಟಂತೆ ಹರಡಿಕೊಳ್ಳುತ್ತದೆ. "ಮೊಬೈಲ್ ನೋಡಿ ನೋಡಿ ಹಿಂಗಾಯ್ತು" ಅಂತ ಮನೆಯಲ್ಲಿ ಬೈಗುಳ.

ಎಲ್ಲ ಸಲವೂ ತಪ್ಪು ಮೊಬೈಲಿನದಲ್ಲ. ಕೆಲವರಿಗೆ ಇರುವುದು ಕೆರಟೋಕೋನಸ್ ಎಂಬ ಕಾಯಿಲೆ. ನಮ್ಮ ಕಣ್ಣಿನ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಒಂದು ತಿಳಿ ಪದರವಿದೆ. ಅದೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಈ ಕಾಯಿಲೆಯಲ್ಲಿ ಅದು ನಿಧಾನವಾಗಿ ತೆಳುವಾಗುತ್ತಾ, ಗುಂಡಗಿರಬೇಕಾದದ್ದು ಮೊನೆಯಾಗಿ ಮುಂದಕ್ಕೆ ಉಬ್ಬುತ್ತದೆ. ವಯಸ್ಸಾದವರಿಗೆ ಬರುವ ಕಣ್ಣಿನ ಪೊರೆಯೇ ಬೇರೆ, ಇದೇ ಬೇರೆ. ಇದು ಶುರುವಾಗುವುದು ಹೆಚ್ಚಾಗಿ ಹದಿಹರೆಯದಲ್ಲಿ.

ಹೆಸರಿಡಲು ನೂರಿಪ್ಪತ್ತು ವರ್ಷ

1748ರಲ್ಲೇ ಜರ್ಮನಿಯ ವೈದ್ಯ ಬರ್ಕಾರ್ಡ್ ಮೌಕಾರ್ಟ್ ಇಂಥ ಕಣ್ಣಿನ ಬಗ್ಗೆ ಬರೆದಿದ್ದರು. ಆದರೆ ಇದು ಬೇರೆಯದೇ ಕಾಯಿಲೆ ಎಂದು ಸರಿಯಾಗಿ ವಿಂಗಡಿಸಿ ವಿವರಿಸಿದವರು ಇಂಗ್ಲೆಂಡಿನ ಜಾನ್ ನಾಟಿಂಗ್‌ಹ್ಯಾಮ್, 1854ರಲ್ಲಿ. ಒಂದೇ ವಸ್ತು ಹಲವಾಗಿ ಕಾಣುವುದು, ಯಾವ ಕನ್ನಡಕವೂ ಹೊಂದದಿರುವುದು ಆಗಲೇ ಅವರ ಗಮನಕ್ಕೆ ಬಂದಿತ್ತು. ಇವತ್ತಿಗೂ ರೋಗಿಗಳು ಹೇಳುವ ಕಷ್ಟ ಇದೇ. 1869ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಹಾರ್ನರ್ ತಮ್ಮ ಪ್ರಬಂಧದಲ್ಲಿ ಕೆರಟೋಕೋನಸ್ ಎಂಬ ಹೆಸರು ಬಳಸಿದರು.

ಹೆಸರು ಬಂತು, ಮದ್ದು ಬರಲಿಲ್ಲ. ಆ ಕಾಲದ ಚಿಕಿತ್ಸೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಉಬ್ಬಿದ ಜಾಗವನ್ನು ಸಿಲ್ವರ್ ನೈಟ್ರೇಟ್ ಎಂಬ ರಾಸಾಯನಿಕದಿಂದ ಸುಟ್ಟು, ಬಿಗಿಯಾಗಿ ಪಟ್ಟಿ ಕಟ್ಟುತ್ತಿದ್ದರು. ಲಂಡನ್ನಿನ ವಿಲಿಯಂ ಬೋಮನ್ ಸಣ್ಣ ಕೊಕ್ಕೆಯಿಂದ ಒಳಗಿನ ಪಾಪೆಯನ್ನು ಎಳೆದು, ಬೆಕ್ಕಿನ ಕಣ್ಣಿನಂತೆ ಉದ್ದ ಸೀಳಾಗಿ ಮಾಡಿ ನೋಡಿದರು. ಗೇಣು ದೂರದ ಬೆರಳನ್ನೂ ಎಣಿಸಲಾಗದಿದ್ದ 18 ವರ್ಷದ ಯುವತಿಗೆ ಅದರಿಂದ ಸ್ವಲ್ಪ ದೃಷ್ಟಿ ಮರಳಿತು. ಇವೆಲ್ಲ ಕತ್ತಲಲ್ಲಿ ತಡಕಾಡಿದ ಪ್ರಯತ್ನಗಳು.

ಗಾಜಿನ ಚಿಪ್ಪಿನಿಂದ ಲೆನ್ಸಿನವರೆಗೆ

1888ರ ಹೊತ್ತಿಗೆ ಫ್ರಾನ್ಸಿನ ಯುಜೀನ್ ಕಾಲ್ಟ್ ಇನ್ನೊಂದು ದಾರಿ ಹಿಡಿದರು. ಕಣ್ಣಿನ ಮೇಲೆ ಗಾಜಿನ ಚಿಪ್ಪು ಕೂರಿಸಿ, ಉಬ್ಬನ್ನು ಒತ್ತಿ ಸಮ ಮಾಡಬಹುದು ಎಂದುಕೊಂಡರು. ಒತ್ತಿದರೆ ಉಬ್ಬು ಹೋಗಲಿಲ್ಲ, ಆದರೆ ಚಿಪ್ಪು ಇಟ್ಟಾಗ ದೃಷ್ಟಿ ಸುಧಾರಿಸಿತು.

ಹೇಗೆ? ಗುಂಡಿ ಬಿದ್ದ ರಸ್ತೆಯಲ್ಲಿ ಮಳೆನೀರು ನಿಂತರೆ ಮೇಲ್ಭಾಗ ಸಮವಾಗಿ ಕಾಣುತ್ತದಲ್ಲ, ಹಾಗೆ. ಲೆನ್ಸಿಗೂ ಕಾರ್ನಿಯಾಕ್ಕೂ ನಡುವೆ ಕಣ್ಣೀರು ತುಂಬಿಕೊಂಡು ಏರುತಗ್ಗು ಮುಚ್ಚುತ್ತದೆ. ಕನ್ನಡಕ ಕಣ್ಣಿನಿಂದ ದೂರ ಇರುವುದರಿಂದ ಆ ಕೆಲಸ ಅದರಿಂದಾಗದು. ಗಾಜು ಭಾರ, ಹೆಚ್ಚು ಹೊತ್ತು ಹಾಕಿಕೊಳ್ಳಲು ಆಗುತ್ತಿರಲಿಲ್ಲ. 1940ರ ದಶಕದ ಹೊತ್ತಿಗೆ ಪ್ಲಾಸ್ಟಿಕ್ ಲೆನ್ಸ್ ಬಂತು, 1970ರ ದಶಕದಲ್ಲಿ ಕಣ್ಣಿಗೆ ಗಾಳಿ ತಲುಪಿಸುವ ಗಟ್ಟಿ ಲೆನ್ಸ್ ಬಂತು. ಇವತ್ತು ಕೆರಟೋಕೋನಸ್ ಇದ್ದವರು ಓದುವುದು, ಕೆಲಸ ಮಾಡುವುದು ಬಹುಪಾಲು ಇಂಥ ಲೆನ್ಸುಗಳ ಬಲದಿಂದಲೇ.

ಕೂಲಿಯವನ ಕಣ್ಣು ತೆರೆದ ದಿನ

1905ರ ಡಿಸೆಂಬರ್ 7. ಈಗ ಚೆಕ್ ದೇಶದಲ್ಲಿರುವ ಓಲೊಮೌಟ್ಸ್ ಎಂಬ ಊರು. ಸುಣ್ಣ ಸಿಡಿದು ಎರಡೂ ಕಣ್ಣು ಕಳೆದುಕೊಂಡಿದ್ದ ಒಬ್ಬ ಕೂಲಿಕಾರನಿಗೆ ಡಾ. ಎಡುವರ್ಡ್ ಜಿರ್ಮ್ ಬೇರೆಯವರ ಕಾರ್ನಿಯಾ ಕಸಿ ಮಾಡಿದರು. ಗಾಯವಾಗಿ ತೆಗೆಯಲೇಬೇಕಾಗಿದ್ದ ಒಬ್ಬ ಬಾಲಕನ ಕಣ್ಣಿನಿಂದ ಬಂದ ಕಾರ್ನಿಯಾ ಅದು. ಒಂದು ಕಣ್ಣಿನ ಕಸಿ ಕೆಟ್ಟಿತು, ಇನ್ನೊಂದು ಉಳಿಯಿತು. ಆತ ಮತ್ತೆ ಕೆಲಸಕ್ಕೆ ಹೋದ. ಯಶಸ್ವಿಯಾದ ಮೊದಲ ಪೂರ್ಣ ಕಾರ್ನಿಯಾ ಕಸಿ ಇದು. ಮುಂದೆ ಕೆರಟೋಕೋನಸ್ ತುಂಬ ಬೆಳೆದವರಿಗೂ ಇದೇ ಕೊನೆಯ ಆಸರೆಯಾಯಿತು.

ನಿಲ್ಲಿಸುವ ದಾರಿ ಸಿಕ್ಕಿದ್ದು ಮೊನ್ನೆ ಮೊನ್ನೆ

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿದಿತ್ತು. ಲೆನ್ಸ್ ದೃಷ್ಟಿ ಕೊಡುತ್ತಿತ್ತು, ಕಸಿ ಕಾರ್ನಿಯಾವನ್ನೇ ಬದಲಿಸುತ್ತಿತ್ತು. ಆದರೆ ಕಾಯಿಲೆ ಬೆಳೆಯುವುದನ್ನು ತಡೆಯುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಅದು ಸಿಕ್ಕಿದ್ದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ, 1990ರ ದಶಕದಲ್ಲಿ. ಎಳೆ ಬಿದಿರು ಬಾಗುತ್ತದೆ, ಬಲಿತ ಬಿದಿರು ಬಾಗುವುದಿಲ್ಲ. ಕಾರ್ನಿಯಾದ ನಾರುಗಳೂ ವಯಸ್ಸಾದಂತೆ ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಅದಕ್ಕೇ ಈ ಕಾಯಿಲೆ ಮೂವತ್ತು, ನಲವತ್ತರ ವಯಸ್ಸಿಗೆ ತಾನಾಗಿ ನಿಧಾನವಾಗುತ್ತದೆ. ಈ ಬೆಸುಗೆಯನ್ನು ಎಳೆ ವಯಸ್ಸಿನಲ್ಲೇ ಮಾಡಿಬಿಟ್ಟರೆ? ಥಿಯೋ ಸೈಲರ್, ಎಬರ್‌ಹಾರ್ಡ್ ಸ್ಪೋರ್ಲ್, ಗ್ರೆಗೋರ್ ವೊಲೆನ್‌ಸಾಕ್ ಅದನ್ನೇ ಮಾಡಿದರು. ಅರ್ಧ ಗಂಟೆ ಬಿ-2 ವಿಟಮಿನ್ ಹನಿ ಹಾಕಿ, ಇನ್ನರ್ಧ ಗಂಟೆ ಅಳತೆ ಮಾಡಿದ ಅತಿನೇರಳೆ ಬೆಳಕು ಬಿಡುವುದು. 2003ರಲ್ಲಿ ಅವರು 23 ಕಣ್ಣುಗಳ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ಕಾಯಿಲೆ ಮುಂದುವರಿಯುವುದು ನಿಂತಿತ್ತು. ಕ್ರಾಸ್ ಲಿಂಕಿಂಗ್ ಎಂಬ ಈ ಚಿಕಿತ್ಸೆ ಈಗ ನಮ್ಮ ರಾಜ್ಯದಲ್ಲೂ ಇದೆ.

ಒಂದು ಮಾತು ನೆನಪಿರಲಿ. ಇದು ಇರುವ ದೃಷ್ಟಿಯನ್ನು ಕಾಪಾಡುತ್ತದೆ, ಹೋದದ್ದನ್ನು ಪೂರ್ತಿ ತಂದುಕೊಡುವುದಿಲ್ಲ. ಕಾರ್ನಿಯಾ ತೀರಾ ತೆಳುವಾದ ಮೇಲೆ ಮಾಡುವುದೂ ಕಷ್ಟ. 150 ವರ್ಷ ರೋಗಿಗಳಿಗೆ ಸಿಗದ ಅವಕಾಶ ನಮ್ಮ ಮಕ್ಕಳಿಗೆ ಸಿಕ್ಕಿದೆ. ಆದರೆ ಅದಕ್ಕೆ ಬೇಗ ಹೋಗಬೇಕು.

ಇದರ ಜೊತೆ ಬಾಳುವುದು

ಕೆರಟೋಕೋನಸ್ ಇದ್ದವರು ಸಾಮಾನ್ಯವಾಗಿ ಪೂರ್ತಿ ಕುರುಡಾಗುವುದಿಲ್ಲ. ಓದು, ಮದುವೆ, ದುಡಿಮೆ ಯಾವುದೂ ನಿಲ್ಲಬೇಕಿಲ್ಲ. ಕೆಲವು ಎಚ್ಚರ ಬೇಕು ಅಷ್ಟೆ.

ಮೊದಲನೆಯದು, ಕಣ್ಣು ಉಜ್ಜಬಾರದು. ಗಟ್ಟಿಯಾಗಿ ಉಜ್ಜುವ ಅಭ್ಯಾಸಕ್ಕೂ ಈ ಕಾಯಿಲೆಗೂ ನಂಟಿದೆ. ಸುಗ್ಗಿಯ ಧೂಳಿಗೋ ಅಲರ್ಜಿಗೋ ಕಣ್ಣು ಕಡಿದರೆ ಡಾಕ್ಟರ ಹತ್ತಿರ ಹನಿ ಬರೆಸಿಕೊಳ್ಳಿ. ಸೊಪ್ಪಿನ ರಸ, ಎದೆಹಾಲು ಕಣ್ಣಿಗೆ ಹಾಕಬೇಡಿ, ಸೋಂಕಾಗಬಹುದು. ಲೆನ್ಸನ್ನು ಬೋರ್‌ವೆಲ್ ನೀರಿನಲ್ಲಿ ತೊಳೆಯಬೇಡಿ, ಅದಕ್ಕೆಂದೇ ಇರುವ ದ್ರವ ಬಳಸಿ. ಲೆನ್ಸ್ ಹಾಕಿಕೊಂಡು ಕೆರೆಗೆ, ಬಾವಿಗೆ ಇಳಿಯಬೇಡಿ. ರಾತ್ರಿ ಗಾಡಿ ಓಡಿಸುವುದು ಕಷ್ಟವಾದರೆ ಹೇಳಲು ಸಂಕೋಚ ಬೇಡ. ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಲು ಮೇಷ್ಟ್ರಿಗೆ ಹೇಳಿ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಅಣ್ಣ, ತಂಗಿಯರ ಕಣ್ಣನ್ನೂ ತೋರಿಸಿ.

ನಂಬರ್ ಪದೇ ಪದೇ ಬದಲಾದರೆ ಕನ್ನಡಕದ ಅಂಗಡಿಗಷ್ಟೇ ಹೋಗಿ ಸುಮ್ಮನಾಗಬೇಡಿ. ಕಣ್ಣಿನ ಡಾಕ್ಟರಲ್ಲಿ "ಕಾರ್ನಿಯಾ ಟೊಪೊಗ್ರಫಿ ಮಾಡಿಸಬೇಕಾ?" ಎಂದು ಕೇಳಿ. ಕಾರ್ನಿಯಾದ ಏರುತಗ್ಗಿನ ನಕ್ಷೆ ತೆಗೆಯುವ ಪರೀಕ್ಷೆ ಅದು. ನೋವಿಲ್ಲ, ಕೆಲವೇ ನಿಮಿಷದ ಕೆಲಸ.

ಅಪ್ಪು ಬಿಟ್ಟು ಹೋದದ್ದು

ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗಲೂ ಹಾಗೇ ಆಯಿತು. ಬೆಂಗಳೂರಿನ ವೈದ್ಯರು ಅವರ ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಕೆರಟೋಕೋನಸ್ ಬಲಿತವರಿಗೆ ಬೇಕಾಗುವುದು ಹೆಚ್ಚಾಗಿ ಆ ಮುಂದಿನ ಪದರವೇ.

ಕಣ್ಣು ದಾನಕ್ಕೆ ವಯಸ್ಸು, ಕನ್ನಡಕ, ಬಿಪಿ ಅಡ್ಡಿಯಲ್ಲ. ಸಾವಾದ ಆರು ಗಂಟೆಯೊಳಗೆ ಆಗಬೇಕು, ಮುಖ ವಿಕಾರವಾಗುವುದಿಲ್ಲ. ಹತ್ತಿರದ ನೇತ್ರ ಬ್ಯಾಂಕಿಗೆ ಫೋನ್ ಮಾಡಿ, ಕಣ್ಣುರೆಪ್ಪೆ ಮುಚ್ಚಿ, ಫ್ಯಾನ್ ಆಫ್ ಮಾಡಿ, ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಟ್ಟರೆ ಸಾಕು.

ಅಂದು ಆ ಕೂಲಿಕಾರ ಮತ್ತೆ ಕೆಲಸಕ್ಕೆ ಹೋಗಲು ಸಾಧ್ಯವಾದದ್ದು ಇನ್ನೊಬ್ಬರ ಕಣ್ಣಿನಿಂದ. ನಮ್ಮ ಹುಡುಗರಿಗೆ ಆ ಹಂತದವರೆಗೆ ಹೋಗುವ ಅಗತ್ಯವೇ ಬಾರದಿರಲಿ. ಮನೆಯಲ್ಲಿ ಯಾರಾದರೂ ಮತ್ತೆ ಮತ್ತೆ ಕಣ್ಣು ಉಜ್ಜುತ್ತಿದ್ದರೆ, ಬೈಯುವ ಬದಲು ಈ ವಾರವೇ ಒಮ್ಮೆ ಕಣ್ಣು ತೋರಿಸಿಕೊಂಡು ಬನ್ನಿ.