ಲೋಟ ಯಾರದ್ದು, ಬಿಲ್ ಯಾರದ್ದು?

ಹೋಟೆಲ್‌ನಲ್ಲಿ ನಾಲ್ಕು ಜನ ಕೂತು ತಿಂದರೆ ದುಡ್ಡು ಯಾರು ಕೊಡಬೇಕು ಅನ್ನೋದು ನಮ್ಮ ಕಡೆ ಇವತ್ತಿಗೂ ಇತ್ಯರ್ಥವಾಗದ ವಿಷಯ. ಗಲ್ಲಾ ಮುಂದೆ ‘ನಾನ್ ಕೊಡ್ತೀನಿ, ನೀವು ಸುಮ್ನಿರಿ’ ಎಂದು ಕೈ ಹಿಡಿದು ಎಳೆದಾಡುವುದನ್ನು ನೀವೂ ನೋಡಿರುತ್ತೀರಿ. ಆದರೆ ಈ ಎಳೆದಾಟಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇತ್ತು. ಆ ನಾಲ್ಕು ಜನ ಒಂದೇ ಬೆಂಚಿನ ಮೇಲೆ ಕೂತು ಒಂದೇ ಥರದ ಲೋಟದಲ್ಲಿ ಕುಡಿಯಬಹುದಿತ್ತೇ? ಹಾಗಾಗಿ ಬಿಲ್ಲಿನ ಕಥೆಯನ್ನು ಪಾತ್ರೆಯಿಂದಲೇ ಶುರು ಮಾಡುತ್ತೇವೆ.

ಅಜ್ಜಿಯರ ಕಾಲದ ಅಡುಗೆಮನೆಯಲ್ಲಿ ಇದ್ದದ್ದು ಮಣ್ಣಿನ ಮಡಕೆ, ಕಬ್ಬಿಣದ ಬಾಣಲೆ, ರೊಟ್ಟಿ ಹಂಚು. ಸ್ವಲ್ಪ ಅನುಕೂಲ ಇದ್ದವರ ಮನೆಯಲ್ಲಿ ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆ. ಹಿತ್ತಾಳೆ ಅಂದರೆ ಬರೀ ಪಾತ್ರೆ ಅಲ್ಲ, ಆಸ್ತಿ. ಮಗಳ ಮದುವೆಗೆ ಕೊಡುತ್ತಿದ್ದರು, ಕಷ್ಟಕ್ಕೆ ಅಡ ಇಡುತ್ತಿದ್ದರು. ಊರಿನ ಮದುವೆಗೆ ಎರವಲು ಕೊಟ್ಟರೆ ಅದಲುಬದಲು ಆಗಬಾರದೆಂದು ಕಂಠದ ಮೇಲೆ ಹೆಸರು ಕೆತ್ತಿಸುತ್ತಿದ್ದರು. ಅಟ್ಟದ ಮೇಲೆ ಹಳೇ ಕೊಳಗ ಇದ್ದರೆ ಇಳಿಸಿ ನೋಡಿ, ಹೆಸರು ಸಿಗಬಹುದು.

ಹಿತ್ತಾಳೆಗೆ ಒಂದು ತೊಂದರೆ ಇತ್ತು. ಹುಳಿ ತಗುಲಿದರೆ ಕಿಲುಬು ಬರುತ್ತದೆ, ಹುಣಸೆಹಣ್ಣಿನ ಸಾರು, ಮಜ್ಜಿಗೆ ಹುಳಿ ಕೆಡುತ್ತದೆ, ತಿಂದವರ ಹೊಟ್ಟೆಯೂ ಕೆಡುತ್ತದೆ. ಅದಕ್ಕೇ ಕಲಾಯಿ. ಕಲಾಯಿ ಹಾಕುವವರು ಊರಿಗೆ ಬಂದು ಮರದ ಕೆಳಗೆ ಗುಂಡಿ ತೋಡಿ, ತಿದಿ ಒತ್ತಿ ಇದ್ದಿಲು ಉರಿಸಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ತಾಗಿಸಿ ಬಟ್ಟೆಯಿಂದ ಒರೆಸಿದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ತವರ ಕರಗುವುದು 232 ಡಿಗ್ರಿಗೆ. ಹಾಗಾಗಿ ಖಾಲಿ ಪಾತ್ರೆಯನ್ನು ಉರಿಯ ಮೇಲೆ ಮರೆತರೆ ಕಲಾಯಿ ಹೋಯಿತು ಅಂತಲೇ ಲೆಕ್ಕ. ಹಳೇ ಪಾತ್ರೆ ಈಗ ಮತ್ತೆ ಬಳಸುವ ಆಸೆ ಇರುವವರು ಇದನ್ನು ನೆನಪಿಡಿ.

ಪಾತ್ರೆಯ ಆಯ್ಕೆಯಲ್ಲಿ ರುಚಿ, ಬೆಲೆಯ ಜೊತೆಗೆ ಮೈಲಿಗೆಯ ಲೆಕ್ಕವೂ ಇತ್ತು. ಸೂತಕ ಬಂದರೆ ಮಣ್ಣಿನ ಗಡಿಗೆಯನ್ನು ಹೊರಗೆ ಎಸೆಯುತ್ತಿದ್ದರು, ಅದು ಹೀರಿಕೊಳ್ಳುತ್ತದೆ ಎಂದು. ಲೋಹದ ಪಾತ್ರೆಯಾದರೆ ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಶುದ್ಧವಾಯಿತು. ಆದರೆ ದಲಿತರ ಕೈ ತಾಗಿದ್ದಕ್ಕೆ ಮಾತ್ರ ಈ ಬೂದಿ, ಹುಣಸೆಹಣ್ಣು ಎರಡೂ ಸಾಲುತ್ತಿರಲಿಲ್ಲ!

ಬಡವರ ಮನೆಗೆ ಲೋಹ ಬಂದದ್ದು ಅಲ್ಯುಮಿನಿಯಂನಿಂದ. 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಅಧಿಕಾರಿ ಅಲ್ಯುಮಿನಿಯಂ ಪಾತ್ರೆ ಮಾಡಿಸಲು ಶುರು ಮಾಡಿದರು. ಇದೇ ಚಾಟರ್ಟನ್ ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದರು. ಹಗುರ, ಅಗ್ಗ, ಕಲಾಯಿ ಬೇಡ. ಮುದ್ದೆ ತಿರುವುವ ಪಾತ್ರೆಯಿಂದ ಹಿಡಿದು ಹೋಟೆಲಿನ ಟೀ ಪಾತ್ರೆಯವರೆಗೆ ಇದೇ ಆಯಿತು. ಹುಳಿ ಪದಾರ್ಥವನ್ನು ಮಾತ್ರ ಇದರಲ್ಲಿ ಹೆಚ್ಚು ಹೊತ್ತು ಇಡಬಾರದು.

ಇನ್ನು ಹೋಟೆಲ್. ಉಡುಪಿ ಕಡೆಯವರು ಊರೂರಿಗೆ ಹೋಗಿ ಹೋಟೆಲ್ ಇಟ್ಟದ್ದು ದೊಡ್ಡ ಸಾಹಸ, ಅದರಲ್ಲಿ ಎರಡು ಮಾತಿಲ್ಲ. ಬೆಂಗಳೂರಿನ ಇಂದಿನ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಆ ಕಾಲದಲ್ಲಿ ಇಂಥ ಹೆಸರು ಸಾಮಾನ್ಯ. ಅಡುಗೆ ಮಾಡುವವರು ಯಾರು ಎಂದು ತಿಳಿಯದೆ ಗಿರಾಕಿ ಒಳಗೆ ಬರುತ್ತಿರಲಿಲ್ಲ. ಮಾವಳ್ಳಿ ಟಿಫನ್ ರೂಮ್ಸ್ ಎಂಬ ಹೆಸರು ಬಂದದ್ದು ಆಮೇಲೆ.

ಹಳ್ಳಿಯ ಚಾ ಅಂಗಡಿಯಲ್ಲಿ ಹೆಸರಿನ ಬೋರ್ಡೂ ಬೇಕಿರಲಿಲ್ಲ. ಹೊರಗೆ ಸೂರಿನಡಿ ಕೆಲವು ಲೋಟ, ಇಲ್ಲವೇ ತೆಂಗಿನ ಚಿಪ್ಪು ಇರುತ್ತಿತ್ತು. ದಲಿತರು ಅದನ್ನು ತಾವೇ ತೆಗೆದುಕೊಂಡು, ಮೇಲಿಂದ ಹೊಯ್ದ ಚಾ ಕುಡಿದು, ತಾವೇ ತೊಳೆದು ಇಡಬೇಕು. ಕಾಸನ್ನು ಕೈಗೆ ಕೊಡುವಂತಿಲ್ಲ, ಕಟ್ಟೆಯ ಮೇಲೆ ಇಡಬೇಕು. ಕುಡಿದ ಚಾದ ಕಾಸು ಮಾತ್ರ ಎಲ್ಲರಿಗೂ ಒಂದೇ. ಹೀಗಿರುವಾಗ ಗೌಡರ ಹೊಲದಲ್ಲಿ ಜೊತೆಗೇ ದುಡಿದ ಇಬ್ಬರಲ್ಲಿ ಒಬ್ಬ ಇನ್ನೊಬ್ಬನಿಗೆ ‘ಇವತ್ತು ಚಾ ನಂದು’ ಎನ್ನುವುದು ಹೇಗೆ? ಬಿಲ್ ಹಂಚಿಕೊಳ್ಳುವ ಮರ್ಯಾದೆ ಒಳಗೆ ಕೂತವರದ್ದಾಗಿತ್ತು. ಹೆಂಗಸರಂತೂ ಹೋಟೆಲಿಗೆ ಬರುತ್ತಿದ್ದದ್ದೇ ಅಪರೂಪ. ಮುಂದೆ ಬಂದಾಗಲೂ ಪರದೆ ಹಾಕಿದ ಫ್ಯಾಮಿಲಿ ರೂಮಿಗೆ.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲ್‌ಗಳಿಗೆ ಪ್ರವೇಶದಲ್ಲಿ ಜಾತಿ ನೋಡಬಾರದು ಎಂದಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ನಮಗೆ ಇನ್ನೂ ಮುಖ್ಯ ಅನ್ನಿಸುವುದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ. ಬಾಗಿಲು ತೆರೆದರೆ ಸಾಲದು ಎಂದು ಅದನ್ನು ಬರೆದವರಿಗೆ ಗೊತ್ತಿತ್ತು. ಅದರ 4ನೇ ಕಲಮಿನಲ್ಲಿ ಹೋಟೆಲಿನಲ್ಲಿ ಇಟ್ಟ ಪಾತ್ರೆ ಬಳಸದಂತೆ ತಡೆಯುವುದೂ ಅಪರಾಧ ಎಂದು ಪಾತ್ರೆಯ ಹೆಸರೆತ್ತಿಯೇ ಬರೆದಿದ್ದಾರೆ. ಆಗ ಶಿಕ್ಷೆ ಆರು ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಿತ್ತು. 1976ರ ತಿದ್ದುಪಡಿಯಲ್ಲಿ ಇದೇ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆಯಿತು. ಒಂದು ದೇಶ ಚಾ ಲೋಟಕ್ಕಾಗಿ ಕಾನೂನು ಬರೆಯಬೇಕಾಯಿತು ಅಂದರೆ ಪರಿಸ್ಥಿತಿ ಹೇಗಿತ್ತು ನೋಡಿ.

ಅದರ ಎರಡು ವರ್ಷಕ್ಕೆ, 1957ರ ಆಗಸ್ಟ್‌ನಲ್ಲಿ, ಕಾಫಿ ಬೋರ್ಡ್ ಕೆಲಸದಿಂದ ತೆಗೆದ ನೌಕರರು ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿ ಇಂಡಿಯನ್ ಕಾಫಿ ಹೌಸ್ ನಡೆಸತೊಡಗಿದರು. ಅಲ್ಲಿ ಕಾಫಿ ತಂದುಕೊಡುವವರೇ ಸಂಘದ ಒಡೆಯರು, ಕಪ್ಪೂ ಎಲ್ಲರಿಗೂ ಒಂದೇ ಥರದ್ದು.

ಆಮೇಲೆ ಸ್ಟೀಲ್ ಬಂತು. ಕ್ರೋಮಿಯಂ ಬೆರೆತ ಉಕ್ಕು, ಕಿಲುಬಿಲ್ಲ, ತುಕ್ಕಿಲ್ಲ, ಒಡೆಯುವುದಿಲ್ಲ. 1981ರಲ್ಲಿ ಸೇಲಂ ಉಕ್ಕು ಕಾರ್ಖಾನೆ ಸ್ಟೇನ್‌ಲೆಸ್ ಹಾಳೆ ತಯಾರಿಸತೊಡಗಿತು. ಹಿತ್ತಾಳೆ ಕೊಳಗಗಳು ತೂಕದ ಲೆಕ್ಕದಲ್ಲಿ ಪಾತ್ರೆ ಅಂಗಡಿ ಸೇರಿ ಸ್ಟೀಲ್ ಡಬ್ಬಿಗಳಾಗಿ ಮನೆಗೆ ಬಂದವು. ಕಲಾಯಿಯವರಿಗೆ ಕೆಲಸ ಇಲ್ಲವಾಯಿತು. ನಮ್ಮನ್ನು ಕೇಳಿದರೆ ದಿನದ ಸಾರಿಗೆ ಸ್ಟೀಲೇ ಸಾಕು, ತಳ ದಪ್ಪ ಇರಲಿ. ಸ್ಟೀಲ್‌ನಲ್ಲಿ ಶಾಖ ಸರಿಯಾಗಿ ಹರಡುವುದಿಲ್ಲ, ತೆಳು ಪಾತ್ರೆಯಲ್ಲಿ ತಳ ಹಿಡಿಯುತ್ತದೆ. ದೋಸೆ, ರೊಟ್ಟಿಗೆ ಕಬ್ಬಿಣ ಬಿಟ್ಟು ಬೇರೆ ಬೇಡ.

ಹೋಟೆಲಿನಲ್ಲಿ ಸ್ಟೀಲ್ ಲೋಟ ಎಲ್ಲರಿಗೂ ಬಂದಮೇಲೆ ಎರಡು ಲೋಟದ ಪದ್ಧತಿ ಮುಗಿಯಿತು ಎಂದು ಬರೆಯಲು ನಮಗೂ ಇಷ್ಟವೇ. ಆದರೆ ವರದಿಗೆಂದು ತಿರುಗುವಾಗ ನಾವು ಕಂಡದ್ದು ಬೇರೆ. ಕೆಲವು ಅಂಗಡಿಗಳಲ್ಲಿ ಪೇಪರ್ ಕಪ್ಪು ಬಂದಿದೆ, ಎಲ್ಲರಿಗೂ ಅಲ್ಲ. ಪರಿಚಯದವರಿಗೆ ಸ್ಟೀಲ್ ಲೋಟ, ಕೇರಿಯಿಂದ ಬಂದವರಿಗೆ ಕೇಳದೇ ಪೇಪರ್ ಕಪ್ಪು. ಕೇಳಿದರೆ ‘ಸ್ವಚ್ಛತೆ ಸಾರ್’ ಎನ್ನುತ್ತಾರೆ. ಸ್ವಚ್ಛತೆಯೇ ಆದರೆ ಎಲ್ಲರಿಗೂ ಅದನ್ನೇ ಕೊಡಬೇಕಲ್ಲ? ನಿಮ್ಮೂರಲ್ಲಿ ಹೀಗಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. 1955ರ ಕಾಯ್ದೆಯ ಜೊತೆಗೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ.

ಇನ್ನು ದುಡ್ಡು ಕೊಡುವ ರೀತಿ. ಕರೆದವರು ಕೊಡಬೇಕು, ಹಿರಿಯರಿದ್ದರೆ ಕಿರಿಯರು ಜೇಬಿಗೆ ಕೈ ಹಾಕಬಾರದು, ಸಂಬಳ ಬಂದವನು ಅವತ್ತು ಎಲ್ಲರದ್ದೂ ಕೊಡಬೇಕು. ಇದು ನಮ್ಮ ಕಡೆಯ ರೂಢಿ. ಅವರವರದ್ದು ಅವರವರು ಕೊಡುವುದನ್ನು ಜಿಪುಣತನ ಎಂದೇ ನೋಡುತ್ತಿದ್ದರು. ಕಾಲೇಜು ಹುಡುಗರು ಈಗ ಊಟ ಮುಗಿಯುವುದರೊಳಗೆ ಭಾಗ ಹಾಕಿ ಫೋನ್‌ಪೇ ಮಾಡುತ್ತಾರೆ. ನಮಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ದಿನಗೂಲಿಯವನು ಮರ್ಯಾದೆಗೆ ಅಂಜಿ ನಾಲ್ಕು ಜನರ ಬಿಲ್ ಕೊಟ್ಟು ವಾರವಿಡೀ ಒದ್ದಾಡುವುದು ತಪ್ಪುತ್ತದೆ.

ಕನ್ನಡದವರು ಇದಕ್ಕೆಲ್ಲ ಮೊದಲೇ ಒಂದು ದಾರಿ ಹುಡುಕಿದ್ದರು, ಅದು ಬೈಟು. ಬಿಲ್ ಹಂಚುವ ಬದಲು ಕಾಫಿಯನ್ನೇ ಹಂಚುವುದು. ಒಂದು ಕಾಫಿ, ಎರಡು ಲೋಟ. ಮೂವರಿದ್ದರೆ ಟೂ ಬೈ ತ್ರೀ. ಇಂದು ಒಬ್ಬರು ಕೊಟ್ಟರೆ ನಾಳೆ ಇನ್ನೊಬ್ಬರು, ಯಾರೂ ಲೆಕ್ಕ ಇಡುವುದಿಲ್ಲ. ಕೆಲವು ಹೋಟೆಲ್‌ಗಳಲ್ಲಿ ಈಗ ‘ಬೈಟು ಇಲ್ಲ’ ಎಂದು ಬೋರ್ಡ್ ಹಾಕಿದ್ದಾರೆ, ಇನ್ನು ಕೆಲವರು ಒಂದೆರಡು ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುತ್ತಾರೆ. ಯಾಕೆ ಎಂದರೆ, ಇನ್ನೊಂದು ಲೋಟ ತೊಳೆಯಬೇಕಲ್ಲ ಸಾರ್ ಎನ್ನುತ್ತಾರೆ.