ಹಿಮದ ಮೇಲಿನ ಹೆಜ್ಜೆಯ ಜಾಡು

ಹಿಮದ ಮೇಲೆ ಹೆಜ್ಜೆ ಕಂಡರೆ ಪ್ರಾಣಿ ಯಾವುದೆಂದು ಹೇಳುವುದು ಸುಲಭ ಅಂತ ನಿಮಗೆ ಅನ್ನಿಸಬಹುದು. ಬಿಳಿ ಹಾಳೆಯ ಮೇಲೆ ಮೊಹರು ಒತ್ತಿದ ಹಾಗಲ್ಲವೇ? ಆದರೆ ಹಿಮ ಸುಳ್ಳನ್ನೂ ಹೇಳುತ್ತದೆ. 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ಎವರೆಸ್ಟ್ ಸೀಮೆಯ ಮೆನ್ಲುಂಗ್ ಹಿಮನದಿಯ ಮೇಲೆ ಭಾರೀ ಹೆಜ್ಜೆಯೊಂದನ್ನು ಕಂಡು ಫೋಟೋ ತೆಗೆದರು. ಜಗತ್ತಿಗೇ ಯೇತಿಯ ಹುಚ್ಚು ಹಿಡಿಯಿತು. ಬಿಸಿಲು ಬಿದ್ದರೆ ಹಿಮದ ಗುರುತು ಕರಗಿ ಹಿಗ್ಗುತ್ತದೆ. ಕರಡಿಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಬಿದ್ದರಂತೂ ರಾಕ್ಷಸನ ಪಾದವೇ ಸರಿ! 2019ರಲ್ಲಿ ನಮ್ಮ ಸೇನೆಯವರೂ ಮಕಾಲು ಶಿಬಿರದ ಬಳಿಯ ಹೆಜ್ಜೆಗಳ ಚಿತ್ರ ಹಾಕಿ, ಯೇತಿಯದೆಂದು ಬರೆದು ನಗೆಗೀಡಾದರು.

ಯೇತಿಯನ್ನು ಬಿಡಿ. ನಿಜವಾಗಿ ಇದ್ದೂ ಕಣ್ಣಿಗೆ ಬೀಳದ ಪ್ರಾಣಿ ಹಿಮಚಿರತೆ. ಕಾಡಿನಲ್ಲಿ ಅದರ ಮೊದಲ ಫೋಟೋಗಳನ್ನು ತೆಗೆದವರು ಜಾರ್ಜ್ ಶಾಲರ್. 1970ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಚಿತ್ರಾಲ್‌ನಲ್ಲಿ. ಮೂರು ವರ್ಷದ ಮೇಲೆ ಅದೇ ಶಾಲರ್ ಜೊತೆ ನೇಪಾಳದ ದೋಲ್ಪೋಗೆ ನಡೆದುಹೋದ ಲೇಖಕ ಪೀಟರ್ ಮ್ಯಾಥೀಸನ್ ಹೆಜ್ಜೆ ಕಂಡರು, ಲದ್ದಿ ಕಂಡರು, ಪ್ರಾಣಿಯನ್ನು ಮಾತ್ರ ಕಾಣಲಿಲ್ಲ. ಆದರೂ 1978ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಹೆಸರು ಹಿಮಚಿರತೆಯದೇ.

ಹಾಗಾದರೆ ಜಾಡು ಹಿಡಿಯುವುದು ಹೇಗೆ? ಹಿಮಚಿರತೆ ಮನಸ್ಸಿಗೆ ಬಂದ ಕಡೆ ಅಲೆಯುವುದಿಲ್ಲ. ಬೆಟ್ಟದ ಏಣು, ಕಡಿಬಂಡೆಯ ಬುಡ, ಹೀಗೆ ಅದರ ದಾರಿಗಳು ಹೆಚ್ಚಾಗಿ ಗೊತ್ತಾದವು. ಆ ದಾರಿಯಲ್ಲಿ ಹಿಂಗಾಲಿನಿಂದ ನೆಲ ಕೆರೆದು ಪುಟ್ಟ ಗುಂಡಿ ಮಾಡುತ್ತದೆ, ಮುಂದೆ ಚಾಚಿದ ಬಂಡೆಗೆ ತನ್ನ ವಾಸನೆ ಸಿಂಪಡಿಸುತ್ತದೆ. ಹಿಮದ ಹೆಜ್ಜೆ ಮಧ್ಯಾಹ್ನಕ್ಕೆ ಕರಗಿಹೋದರೂ ಇವು ಉಳಿಯುತ್ತವೆ. 1982ರಲ್ಲಿ ರಾಡ್ನಿ ಜಾಕ್ಸನ್ ನೇಪಾಳದ ಲಾಂಗು ಕಣಿವೆಯಲ್ಲಿ ಹಿಮಚಿರತೆಗಳಿಗೆ ರೇಡಿಯೋ ಪಟ್ಟಿ ಕಟ್ಟಲು ಶುರುಮಾಡಿದರು. ನಾಲ್ಕು ವರ್ಷಕ್ಕೆ ಸಿಕ್ಕವು ಐದೇ. ನೀವು ಕಿವಿಗಿಟ್ಟುಕೊಳ್ಳುವ ರೇಡಿಯೋಗೆ ಹೀಗೂ ಒಂದು ಉಪಯೋಗವಿದೆ, ನೋಡಿ!

ಈ ಕಥೆಯಲ್ಲಿ ನಮ್ಮ ಮೈಸೂರೂ ಬರುತ್ತದೆ. 1996ರಲ್ಲಿ ಅಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಕೆಲಸಕ್ಕಿಳಿದದ್ದು ಹಿಮಾಚಲದ ಸ್ಪಿತಿಯಲ್ಲಿ, 4,000 ಮೀಟರಿಗಿಂತ ಎತ್ತರದ ಕಿಬ್ಬರ್ ಹಳ್ಳಿಯಲ್ಲಿ. ಅಲ್ಲಿ ಹಿಮಚಿರತೆಯ ಹೆಸರು 'ಶೆನ್'. ಬೆಳಿಗ್ಗೆ ಕೊಟ್ಟಿಗೆಯ ಸುತ್ತ ಅದರ ಹೆಜ್ಜೆ ಕಂಡರೆ ಕುರಿ ಹೋಯಿತೆಂದೇ ಅರ್ಥ. ಒಂದು ಯಾಕ್ ಸತ್ತರೆ ಮನೆಯ ವರ್ಷದ ಲೆಕ್ಕವೇ ತಪ್ಪುವ ಊರಿನಲ್ಲಿ ಜಾಡು ಹಿಡಿದು ಹೋಗುವವನ ಕೈಯಲ್ಲಿ ನೋಟ್‌ಬುಕ್ ಇರುತ್ತದೆಯೇ? ಸಂಸ್ಥೆಯ ಚಾರುದತ್ತ ಮಿಶ್ರಾ ಮತ್ತು ಸಂಗಡಿಗರು ಮೊದಲು ಈ ನಷ್ಟದ ಲೆಕ್ಕ ಹಿಡಿದರು. ಊರವರು ಕಾಡುಕುರಿಗಳಿಗೆಂದು ಒಂದಿಷ್ಟು ಹುಲ್ಲುಗಾವಲು ಬಿಟ್ಟುಕೊಟ್ಟರು. 2002ರಲ್ಲಿ ದನಕರುಗಳ ವಿಮೆ ಶುರುವಾಯಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಫೋಟೋಗಳಿಗಿಂತ ದೊಡ್ಡದಾಗಿ ಕಾಣುವುದು ಈ ವಿಮೆಯೇ.

ಆಮೇಲೆ ಕ್ಯಾಮೆರಾಗಳು ಬಂದವು. ಎಲ್ಲಿ ಕಟ್ಟಬೇಕೆಂದು ಹೇಳಲು ಆ ಕೆರೆದ ಗುಂಡಿ ಬಲ್ಲವರೇ ಬೇಕಲ್ಲ. ಕಿಬ್ಬರ್‌ನ ಹುಡುಗರೇ ಕಟ್ಟಿದರು. ಮೈಮೇಲಿನ ಚುಕ್ಕೆ ನೋಡಿ ಇದು ಹಳೆಯದು, ಇದು ಹೊಸದು ಎಂದು ಗುರುತಿಸುವ ಕೆಲಸ ಈಗ ಊರಿನ ಹೆಂಗಸರಿಗೂ ಬರುತ್ತದೆ. 2019ರಿಂದ 2023ರವರೆಗೆ ದೇಶದ ಮೊದಲ ಹಿಮಚಿರತೆ ಗಣತಿ ನಡೆಯಿತು. 13,450 ಕಿಲೋಮೀಟರ್ ಜಾಡು ಹುಡುಕಿ ನಡೆದರು, 1,971 ಕಡೆ ಕ್ಯಾಮೆರಾ ಇಟ್ಟರು. ಫೋಟೋದಲ್ಲಿ ಸಿಕ್ಕವು 241. ಅದರ ಮೇಲಿನ ಅಂದಾಜು 718. ಲಡಾಖ್ ಒಂದರಲ್ಲೇ 477.